ಸ್ಟಾಲ್‌ವಿಲ್ಲೆ 730ಎನ್ ಟಾರ್ಕ್ ರೆಂಚ್: ಒಂದು ವರ್ಷ ಬಳಸಿದ ಮೇಲೆ

ಟಾರ್ಕ್ ರೆಂಚ್ ಅಂದರೆ ಬೋಲ್ಟನ್ನು ಹೇಳಿದಷ್ಟೇ ಬಲಕ್ಕೆ ಬಿಗಿ ಮಾಡುವ ಸ್ಪ್ಯಾನರ್. ಮೊದಲೇ ಹೇಳಿಬಿಡುತ್ತೇನೆ, ಇದು ದುಬಾರಿ ಸಾಮಾನು. ನಮ್ಮ ಎಸ್‌ಪಿ ರೋಡಿನಲ್ಲಿ ಸಿಗುವ ಸಾಧಾರಣ ಟಾರ್ಕ್ ರೆಂಚ್ ನಾಲ್ಕೈದು ಕೊಂಡರೂ ಇದರ ಬೆಲೆ ಆಗುವುದಿಲ್ಲ. ಆದರೂ ಕೊಂಡೆ. ಒಂದು ವರ್ಷ ಬಳಸಿದೆ. ಯಾಕೆ ಕೊಂಡೆ ಅನ್ನುವುದನ್ನು ಬಿಟ್ಟು ಹೇಗಿದೆ ಅಂತ ಮಾತ್ರ ಹೇಳಿದರೆ ಓದುವವರಿಗೆ ಏನೂ ಗೊತ್ತಾಗುವುದಿಲ್ಲ, ಹಾಗಾಗಿ ಕಾರಿನಿಂದಲೇ ಶುರು ಮಾಡುತ್ತೇನೆ.

ನನ್ನ ಹತ್ತಿರ 2017ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಇದೆ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಎರಡು ಲೀಟರ್ ಟರ್ಬೊ ಪೆಟ್ರೋಲ್ ಎಂಜಿನ್, 230 ಪಿಎಸ್, 350 ನ್ಯೂಟನ್ ಮೀಟರ್ (ತಿರುಗಿಸುವ ಬಲದ, ಅಂದರೆ ಟಾರ್ಕಿನ ಅಳತೆ), ಆರು ಗೇರಿನ ಆಟೋಮ್ಯಾಟಿಕ್ ಡಿಎಸ್‌ಜಿ. ಇಷ್ಟೂ ಶಕ್ತಿ ಹೋಗುವುದು ಮುಂದಿನ ಎರಡೇ ಚಕ್ರಕ್ಕೆ. ಗೇರ್‌ಬಾಕ್ಸಿನಿಂದ ಚಕ್ರಕ್ಕೆ ಶಕ್ತಿ ಒಯ್ಯುವ ದಂಡಕ್ಕೆ ಡ್ರೈವ್ ಶಾಫ್ಟ್ ಅನ್ನುತ್ತಾರೆ. ಎಡಗಡೆಯ ಡ್ರೈವ್ ಶಾಫ್ಟಿನ ಒಳಗಿನ ಜಾಯಿಂಟ್‌ನ ರಬ್ಬರ್ ಹೊದಿಕೆ, ಅಂದರೆ ಬೂಟ್, ಹರಿದು ಗ್ರೀಸ್ ಚೆಲ್ಲುತ್ತಿತ್ತು ಅಂತ ಒಂದು ಗ್ಯಾರೇಜಿಗೆ ಕೊಟ್ಟೆ. ಅರ್ಧ ದಿನದಲ್ಲಿ ಕೆಲಸ ಮುಗಿಯಿತು. ನಾನು ಅಲ್ಲೇ ನಿಂತು ನೋಡುತ್ತಿದ್ದೆ. ಶಾಫ್ಟನ್ನು ಗೇರ್‌ಬಾಕ್ಸಿಗೆ ಹಿಡಿದಿಡುವ ಆರು ಹಳೇ ಬೋಲ್ಟುಗಳನ್ನೇ ಬಟ್ಟೆಯಲ್ಲಿ ಒರೆಸಿ, ಬೋಲ್ಟು ತಿರುಗಿಸುವ ಗನ್ ಹಿಡಿದು ಆರಕ್ಕೂ ಒಂದೊಂದು ಸಲ ಟರ್ರ್ ಅನ್ನಿಸಿ, ಆಯ್ತು ಸಾರ್ ಅಂದ ಹುಡುಗ. ಟಾರ್ಕ್ ರೆಂಚ್ ಹಾಕಲ್ವಾ ಅಂತ ಕೇಳಿದೆ. ಕೈ ಅಂದಾಜು ಗೊತ್ತು ಸಾರ್, ದಿನಾ ಮಾಡ್ತೀವಿ ಅಂದ. ನಾನು ಸುಮ್ಮನಾದೆ. ಸುಮ್ಮನಾಗಬಾರದಿತ್ತು.

ಮೂರು ವಾರ ಏನೂ ಆಗಲಿಲ್ಲ. ಆಮೇಲೆ ಮಂಗಳೂರಿಗೆ ಹೋಗಿ ವಾಪಸ್ ಬರುವಾಗ, ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದ್ದಂತೆ ಕೆಳಗಿನಿಂದ ಕಟ ಕಟ ಅನ್ನುವ ಸದ್ದು. ಆಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ನಿಲ್ಲುತ್ತದೆ, ಒತ್ತಿದರೆ ಮತ್ತೆ ಬರುತ್ತದೆ. ಹೆಂಡತಿ ಮುಂದೆ, ಮಗಳು ಹಿಂದೆ, ಪಕ್ಕದಲ್ಲಿ ಸಾಲಾಗಿ ಟ್ಯಾಂಕರ್‌ಗಳು. ಆ ಘಾಟಿಯಲ್ಲಿ ಎಲ್ಲೆಂದರಲ್ಲಿ ಗಾಡಿ ನಿಲ್ಲಿಸುವ ಹಾಗಿಲ್ಲ. ಮೆಲ್ಲಗೆ ಹತ್ತಿಸಿಕೊಂಡು ಬಂದು ದೋಣಿಗಲ್ ಹತ್ತಿರ ಸೈಡಿಗೆ ಹಾಕಿದೆ. ಸಕಲೇಶಪುರದಿಂದ ಒಬ್ಬ ಮೇಸ್ತ್ರಿ ಬಂದು, ಕೆಳಗೆ ಮಲಗಿ, ಟಾರ್ಚ್ ಬಿಟ್ಟು ನೋಡಿದರು. ಆರು ಬೋಲ್ಟಿನಲ್ಲಿ ಒಂದು ಇಲ್ಲವೇ ಇಲ್ಲ. ಇನ್ನು ಮೂರು ಬೋಲ್ಟು ಬರೀ ಬೆರಳಲ್ಲೇ ತಿರುಗುತ್ತಿವೆ. ಉಳಿದ ಎರಡರ ಮೇಲೆ ಇಡೀ ಶಾಫ್ಟ್ ನಿಂತಿತ್ತು.

"ಸಾರ್, ಇದಕ್ಕೆ ನನ್ನ ಹತ್ರ ಬಿಟ್ ಇಲ್ಲ. ಅಲೆನ್ ಕೀ ತುರುಕಿ ತಿರುಗಿಸಿದ್ರೆ ತಲೆ ಹೋಗುತ್ತೆ. ಓಡಿಸ್ಬೇಡಿ, ಗಾಡಿ ಎತ್ತಿಸಿಕೊಂಡು ಹೋಗಿ" ಅಂದರು. ಇನ್ನೂರು ರೂಪಾಯಿ ಕೊಡಲು ಹೋದರೆ ತಗೊಳ್ಳಲಿಲ್ಲ. ತನ್ನಿಂದ ಆಗದ ಕೆಲಸವನ್ನು ಆಗಲ್ಲ ಅಂತ ಹೇಳುವ ಮೇಸ್ತ್ರಿಗಳ ಬಗ್ಗೆ ನನಗೆ ಅವತ್ತಿನಿಂದ ತುಂಬಾ ಗೌರವ.

ಈ ಆರು ಬೋಲ್ಟು ಏನು ಕೆಲಸ ಮಾಡುತ್ತವೆ ಅನ್ನುವುದನ್ನು ನಾನೂ ಆಮೇಲೆಯೇ ಸರಿಯಾಗಿ ತಿಳಿದುಕೊಂಡಿದ್ದು. ಎಂಜಿನ್ನಿನ 350 ನ್ಯೂಟನ್ ಮೀಟರ್ ಮೊದಲನೇ ಗೇರಿನಲ್ಲಿ ಹತ್ತು ಪಟ್ಟಿಗೂ ಜಾಸ್ತಿಯಾಗಿ ಶಾಫ್ಟುಗಳಿಗೆ ಬರುತ್ತದೆ. ಅಂದರೆ ಒಂದೊಂದು ಕಡೆಗೂ 1,700ಕ್ಕೆ ಕಡಿಮೆ ಇಲ್ಲ. ಇದನ್ನೆಲ್ಲ ಬೋಲ್ಟಿನ ಕಂಬಿ ಅಡ್ಡ ನಿಂತು ತಡೆಯುತ್ತದೆ ಅಂತ ಅಂದುಕೊಂಡಿದ್ದೆ. ಹಾಗಲ್ಲ. ಶಾಫ್ಟಿನ ತುದಿಯಲ್ಲಿ, ಗೇರ್‌ಬಾಕ್ಸಿನ ಕಡೆ ಒಂದೊಂದು ಚಪ್ಪಟೆ ಬಿಲ್ಲೆ ಇರುತ್ತದೆ, ಅದೇ ಫ್ಲ್ಯಾಂಜ್. ಬೋಲ್ಟು ಈ ಎರಡು ಫ್ಲ್ಯಾಂಜ್‌ಗಳನ್ನು ಒಂದಕ್ಕೊಂದು ಒತ್ತಿ ಹಿಡಿಯುತ್ತದೆ, ಆ ಎರಡು ಮುಖಗಳ ನಡುವಿನ ಘರ್ಷಣೆಯೇ ಶಕ್ತಿಯನ್ನು ದಾಟಿಸುವುದು. ಎಂ10, ಅಂದರೆ 10 ಮಿಲಿಮೀಟರ್ ದಪ್ಪದ ಬೋಲ್ಟನ್ನು 70 ನ್ಯೂಟನ್ ಮೀಟರಿಗೆ ಬಿಗಿ ಮಾಡಿದರೆ ಲೆಕ್ಕಕ್ಕೆ ಸುಮಾರು ಮೂರೂವರೆ ಟನ್ ಒತ್ತು ಹಾಕುತ್ತದೆ. ಆರು ಸೇರಿದರೆ ಇಪ್ಪತ್ತು ಟನ್ ದಾಟುತ್ತದೆ. ಅಷ್ಟು ಒತ್ತು ಇರುವವರೆಗೂ ಮುಖಗಳು ಕೂದಲೆಳೆಯಷ್ಟೂ ಜಾರುವುದಿಲ್ಲ. ಒತ್ತು ಕಡಿಮೆ ಆಯಿತೋ, ಜಾರಲು ಶುರುವಾಗುತ್ತದೆ, ಪ್ರತಿ ಸಲ ಕಾಲು ಒತ್ತಿದಾಗ ಆ ಕಡೆ, ತೆಗೆದಾಗ ಈ ಕಡೆ, ಹಾಗೆ ಜಾರುತ್ತಾ ಜಾರುತ್ತಾ ಬೋಲ್ಟು ತಾನಾಗೇ ಬಿಚ್ಚಿಕೊಳ್ಳುತ್ತದೆ, ಇಲ್ಲ ಅಡ್ಡ ಹೊಡೆತಕ್ಕೆ ಸಿಕ್ಕಿ ಕತ್ತರಿಸಿ ಹೋಗುತ್ತದೆ. ನನ್ನ ಕಾರಿನ ಫ್ಲ್ಯಾಂಜ್ ಬಿಚ್ಚಿದಾಗ ತೂತುಗಳ ಅಂಚು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಉಜ್ಜಿ ಉಜ್ಜಿ ಆದ ಹೊಳಪು ಅದು. ಈಗಲೂ ನೆನಪಿಗೆ ಬಂದರೆ ಹೊಟ್ಟೆ ತೊಳಸುತ್ತದೆ.

ಹಾಗಾದರೆ ಜೋರಾಗಿ ಬಿಗಿ ಮಾಡಿದರೆ ಆಯ್ತಲ್ವಾ? ಅದೂ ಅಲ್ಲ. ಬೋಲ್ಟು ಒಂದು ಸ್ಪ್ರಿಂಗ್ ಇದ್ದ ಹಾಗೆ, ಸ್ವಲ್ಪ ಎಳೆದು ಹಿಡಿದಾಗಲೇ ಅದು ವಾಪಸ್ ಎಳೆಯುವುದು. ಮಿತಿ ಮೀರಿ ಎಳೆದರೆ ಮತ್ತೆ ಮೊದಲಿನಂತೆ ಆಗುವುದಿಲ್ಲ, ಹಿಡಿತವೂ ಹೋಗುತ್ತದೆ. ಇನ್ನೊಂದು ವಿಷಯ ಬಹಳ ಜನರಿಗೆ ಗೊತ್ತಿಲ್ಲ. ನಾವು ಹಾಕುವ ಬಲದಲ್ಲಿ ಸುಮಾರು ಅರ್ಧ ಬೋಲ್ಟಿನ ತಲೆಯ ಕೆಳಗಿನ ಉಜ್ಜಾಟಕ್ಕೇ ಹೋಗುತ್ತದೆ, ಶೇಕಡ 40ರಷ್ಟು ಥ್ರೆಡ್ಡಿನ ಉಜ್ಜಾಟಕ್ಕೆ. ಬೋಲ್ಟನ್ನು ನಿಜವಾಗಿ ಎಳೆಯುವುದು ಉಳಿದ ಹತ್ತು ಮಾತ್ರ. ಥ್ರೆಡ್ಡಿಗೆ ಎಣ್ಣೆ ತಾಗಿದರೆ ಈ ಲೆಕ್ಕವೆಲ್ಲ ತಲೆಕೆಳಗು. ಕೈ ಅಂದಾಜಿನವರ ಕೈಗೆ ಇದು ಗೊತ್ತಾಗಲು ಸಾಧ್ಯವೇ ಇಲ್ಲ, ಎಷ್ಟೇ ವರ್ಷದ ಅನುಭವ ಇರಲಿ.

ಸರಿ, ಈಗ ರೆಂಚಿಗೆ ಬರೋಣ. ನನ್ನ ಹತ್ತಿರ ಮೊದಲು ಒಂದು ಅಗ್ಗದ ಕ್ಲಿಕ್ ರೆಂಚ್, ಅಂದರೆ ಇಟ್ಟ ಅಳತೆ ಮುಟ್ಟಿದಾಗ ಟಕ್ ಅನ್ನುವ ಟಾರ್ಕ್ ರೆಂಚ್ ಇತ್ತು. ಗಾಡಿ ಬೆಂಗಳೂರಿಗೆ ಬಂದ ಮೇಲೆ ನಾನೇ ಕೆಲಸ ಮಾಡೋಣ ಅಂತ ಅದನ್ನು ಪೀಣ್ಯದ ಒಂದು ಕ್ಯಾಲಿಬ್ರೇಷನ್ ಲ್ಯಾಬಿಗೆ, ಅಂದರೆ ಅಳತೆ ಸರಿ ಇದೆಯಾ ಅಂತ ನೋಡುವ ಕಡೆಗೆ, ತಗೊಂಡು ಹೋದೆ. 70ಕ್ಕೆ ಇಟ್ಟರೆ ಒಮ್ಮೆ 79, ಒಮ್ಮೆ 84, ಮತ್ತೊಮ್ಮೆ 76. ಜಾಸ್ತಿ ತೋರಿಸಿದ್ದಕ್ಕಿಂತ ಒಂದೊಂದು ಸಲ ಒಂದೊಂದು ತೋರಿಸಿದ್ದೇ ನನಗೆ ಭಯ ಆಗಿದ್ದು. ಎರಡು ವರ್ಷ ಅದನ್ನು 110ಕ್ಕೆ ಇಟ್ಟು ಹಾಗೇ ಡಬ್ಬಿಯೊಳಗೆ ಬಿಟ್ಟಿದ್ದೆ. ಸಾಮಾನ್ಯ ಕ್ಲಿಕ್ ರೆಂಚ್‌ಗಳಲ್ಲಿ ಕೆಲಸ ಮುಗಿದ ಮೇಲೆ ಅಳತೆಯನ್ನು ಕೆಳಗಿನ ಅಂಕಿಗೆ ಇಳಿಸಿ ಇಡಬೇಕು, ಇಲ್ಲದಿದ್ದರೆ ಒಳಗಿನ ಸ್ಪ್ರಿಂಗ್ ಒತ್ತಿಕೊಂಡೇ ಇದ್ದು ಸೋತು ಹೋಗುತ್ತದೆ. ಇದನ್ನು ನನಗೆ ಹೇಳಿಕೊಟ್ಟಿದ್ದು ಆ ಲ್ಯಾಬಿನವರು.

ಅಲ್ಲಿಂದಲೇ 730ಎನ್ ಹುಡುಕಾಟ ಶುರುವಾಗಿದ್ದು. ಸ್ಟಾಲ್‌ವಿಲ್ಲೆ ಜರ್ಮನಿಯ ವುಪ್ಪರ್ಟಾಲ್‌ನ ಕಂಪನಿ, 1862ರಿಂದ ಇದೆ. ಇವರ ಮಾನೋಸ್ಕೋಪ್ ಸಾಲಿನ ಈ ರೆಂಚಿನಲ್ಲಿ ಅಳತೆ ಇಟ್ಟ ಮಾತ್ರಕ್ಕೆ ಒಳಗೆ ಯಾವುದರ ಮೇಲೂ ಒತ್ತಡ ಬೀಳುವುದಿಲ್ಲ. ಬೋಲ್ಟು ತಿರುಗಿಸುವ ಹೊತ್ತಿನಲ್ಲಿ ಮಾತ್ರ ಒಳಗಿನ ಪಟ್ಟಿಯ ಮೇಲೆ ಭಾರ ಬರುತ್ತದೆ, ಕೈ ಬಿಟ್ಟರೆ ಹೋಗುತ್ತದೆ. ಹಾಗಾಗಿ ವಾಪಸ್ ಕೆಳಗಿಳಿಸುವ ಗೋಳಿಲ್ಲ. 200ಕ್ಕೆ ಇಟ್ಟು ಒಂದು ತಿಂಗಳು ಬಿಟ್ಟರೂ ಏನೂ ಆಗಲ್ಲ. ಮರೆತುಹೋಗುವುದು ಮನುಷ್ಯರಿಗೆ ಸಹಜ, ಆ ಮರೆವಿನಿಂದ ಹಾಳಾಗದ ಟೂಲ್ ಇದು, ನನಗೆ ಇಷ್ಟೇ ಸಾಕಿತ್ತು.

ಭಾವ ಸ್ಟುಟ್‌ಗಾರ್ಟ್‌ನಲ್ಲಿದ್ದಾರೆ. "ಭಾವ, ಬರುವಾಗ ಒಂದು ಸಾಮಾನು ತರ್ತೀರಾ, ಸ್ವಲ್ಪ ಭಾರ ಇದೆ" ಅಂದೆ. ಚಾಕೊಲೇಟ್ ಡಬ್ಬಿ ಕಡಿಮೆ ಮಾಡಿ ಇದನ್ನು ಚೆಕ್ ಇನ್ ಲಗೇಜಿನಲ್ಲಿ ಹಾಕಿಕೊಂಡು ಬಂದರು. ನಾನು ತರಿಸಿದ್ದು 730ಎನ್/20, ಅಂದರೆ 40ರಿಂದ 200 ನ್ಯೂಟನ್ ಮೀಟರಿನದು. ಬಂದ ವಾರವೇ ಅದೇ ಪೀಣ್ಯದ ಲ್ಯಾಬಿಗೆ ತಗೊಂಡು ಹೋದೆ. ಐಎಸ್‌ಒ 6789 ಅನ್ನುವ ಟಾರ್ಕ್ ರೆಂಚ್ ಪರೀಕ್ಷೆಯ ನಿಯಮದ ಪ್ರಕಾರ 40, 120, 200 ಈ ಮೂರು ಕಡೆ ಐದೈದು ಸಲ ನೋಡಿದರು. ಕಂಪನಿ ಹೇಳುವ ಶೇಕಡ 3ರ ಒಳಗೇ ಎಲ್ಲಾ ಬಂತು, 120ರಲ್ಲಂತೂ ಶೇಕಡ 1 ದಾಟಲಿಲ್ಲ. ಅಂಕಿಗಿಂತ ನನಗೆ ಸಮಾಧಾನ ಕೊಟ್ಟಿದ್ದು, ಹದಿನೈದು ಸಲವೂ ಒಂದೇ ರೀತಿ ನಡೆದುಕೊಂಡಿದ್ದು.

ಇನ್ನು ಕೆಲಸದ ದಿನ. ಮನೆ ಹತ್ತಿರ ಲಿಫ್ಟ್ ಇರುವ ಒಂದು ಚಿಕ್ಕ ಗ್ಯಾರೇಜ್ ಇದೆ, ಭಾನುವಾರ ಜಾಗ ಕೊಟ್ಟರು. ಅಲ್ಲಿನ ಮೇಸ್ತ್ರಿ ಹಳೇ ಅಂಬಾಸಿಡರ್ ಕಾಲದವರು, ಪಕ್ಕದಲ್ಲೇ ಸ್ಟೂಲ್ ಹಾಕಿಕೊಂಡು ಕೂತರು.

ನಾನು ರೆಂಚ್ ಮುಟ್ಟಿದ್ದು ಎರಡು ಗಂಟೆ ಆದ ಮೇಲೆ. ಅಷ್ಟೂ ಹೊತ್ತು ಬರೀ ತೊಳೆಯುವುದೇ ಆಯ್ತು. ಹಳೇ ಬೂಟ್ ಹರಿದಾಗ ಚೆಲ್ಲಿದ ಗ್ರೀಸ್ ಎರಡೂ ಫ್ಲ್ಯಾಂಜಿನ ಮುಖಕ್ಕೆ ಮೆತ್ತಿಕೊಂಡಿತ್ತು, ಗೇರ್‌ಬಾಕ್ಸ್ ಕಡೆಯ ಆರು ತೂತಿನ ಥ್ರೆಡ್ಡಿನಲ್ಲಿ ತುಂಬಿಕೊಂಡಿತ್ತು. ಗ್ಯಾರೇಜಿನ ಹುಡುಗ ಇದನ್ನು ಮುಟ್ಟಿರಲೇ ಇಲ್ಲ. ಬೋಲ್ಟು ಲೂಸಾಗಲು ಗನ್ನಿಗಿಂತ ಈ ಗ್ರೀಸೇ ದೊಡ್ಡ ಕಾರಣ ಅನ್ನುವುದು ನನ್ನ ನಂಬಿಕೆ, ಯಾಕೆಂದರೆ ಘರ್ಷಣೆಯಿಂದಲೇ ನಿಲ್ಲಬೇಕಾದ ಜಾಗಕ್ಕೆ ಜಾರುವ ಗ್ರೀಸ್ ಸವರಿ ಆಮೇಲೆ ಎಷ್ಟು ಬಿಗಿ ಮಾಡಿದರೂ ಏನು ಬಂತು? ಬ್ರೇಕ್ ಕ್ಲೀನರ್ ಹೊಡೆದು, ಬಟ್ಟೆಯಲ್ಲಿ ಒರೆಸಿ, ಹಳೇ ಬೋಲ್ಟೊಂದನ್ನು ಒಳಗೆ ಹೊರಗೆ ತಿರುಗಿಸಿ, ಮತ್ತೆ ಹೊಡೆದು, ಬಿಳಿ ಬಟ್ಟೆ ಬಿಳಿಯಾಗೇ ಹೊರಗೆ ಬರುವವರೆಗೂ ಮಾಡಿದೆ. ಮೇಸ್ತ್ರಿ ಮಧ್ಯೆ ಮಧ್ಯೆ ಬೆರಳು ಆಡಿಸಿ ನೋಡಿ "ಇನ್ನೂ ಇದೆ" ಅನ್ನುತ್ತಿದ್ದರು.

ಬೋಲ್ಟುಗಳು ಹೊಸವು, ಜೆಸಿ ರೋಡಿನಿಂದ ತಂದಿದ್ದು. ವರ್ಕ್‌ಶಾಪ್ ಮ್ಯಾನುಯಲ್ ಇವನ್ನು ಪ್ರತಿ ಸಲ ಬದಲಿಸಿ ಅನ್ನುತ್ತದೆ. ಇವುಗಳ ತಲೆಯಲ್ಲಿ ಹನ್ನೆರಡು ಮೂಲೆಯ ಗುಳಿ ಇರುತ್ತದೆ, ಎಕ್ಸ್‌ಝಡ್‌ಎನ್ ಅನ್ನುತ್ತಾರೆ. ನೋಡಲು ಟಾರ್ಕ್ಸ್ ತರಹವೇ ಕಾಣುತ್ತದೆ, ಆದರೆ ಟಾರ್ಕ್ಸ್ ಅಲ್ಲ, ಅಲೆನ್ ಅಂತೂ ಅಲ್ಲವೇ ಅಲ್ಲ. ಹಳೆಯದನ್ನು ಬಿಚ್ಚುವಾಗ ಗುಳಿಯೊಳಗಿನ ಮಣ್ಣು ಗ್ರೀಸನ್ನು ಚಿಕ್ಕ ಸ್ಕ್ರೂಡ್ರೈವರಿನಲ್ಲಿ ಕೆರೆದು ತೆಗೆಯಬೇಕು, ಬಿಟ್ ಇಟ್ಟು ಸುತ್ತಿಗೆಯಿಂದ ಮೆಲ್ಲಗೆ ಎರಡು ಏಟು ಹಾಕಿ ತಳ ಮುಟ್ಟಿಸಬೇಕು. ಸದ್ದು ಬದಲಾಗುತ್ತದೆ, ಮೆತ್ತಗೆ ಟಪ್ ಅನ್ನುತ್ತಿದ್ದದ್ದು ಗಟ್ಟಿಯಾಗಿ ಟಣ್ ಅನ್ನುತ್ತದೆ. ಆ ಟಣ್ ಕೇಳಿಸುವವರೆಗೂ ತಿರುಗಿಸಬೇಡಿ. ಅರ್ಧ ಕೂತ ಬಿಟ್ ತಿರುಗಿಸಿದರೆ ಗುಳಿ ಸವೆದು ದುಂಡಗಾಗುತ್ತದೆ, ಆಮೇಲೆ ವೆಲ್ಡಿಂಗ್ ಮಾಡಿ ತೆಗೆಯಬೇಕಾದ ಪರಿಸ್ಥಿತಿ.

ಮಗಳು ಡ್ರೈವರ್ ಸೀಟಿನಲ್ಲಿ ಕೂತು ಬ್ರೇಕ್ ಒತ್ತಿ ಹಿಡಿದಳು, ಇಲ್ಲದಿದ್ದರೆ ಶಾಫ್ಟ್ ತಿರುಗುತ್ತದೆ. ಮೊದಲು ಆರನ್ನೂ ಕೈಯಲ್ಲೇ ಕೂರಿಸಿ, ಎದುರು ಬದುರಾಗಿ 10 ನ್ಯೂಟನ್ ಮೀಟರಿಗೆ ಬಿಗಿ ಮಾಡಬೇಕು, ಫ್ಲ್ಯಾಂಜ್ ಸಮನಾಗಿ ಕೂರಲಿ ಅಂತ. ಆಮೇಲೆ ಅದೇ ಕ್ರಮದಲ್ಲಿ ಎಂ8 ಆದರೆ 40, ಎಂ10 ಆದರೆ 70. ನನ್ನದು ಎಂ10. ಉದ್ದದ ಎಕ್ಸ್‌ಟೆನ್ಷನ್ ಹಾಕಿ, ಅದನ್ನು ಒಂದು ಕೈಯಲ್ಲಿ ನೇರವಾಗಿ ಹಿಡಿದು, ಇನ್ನೊಂದು ಕೈಯಲ್ಲಿ ರೆಂಚಿನ ಹಿಡಿಯ ಮಧ್ಯಕ್ಕೆ ಸರಿಯಾಗಿ ಹಿಡಿದು ಎಳೆದೆ. ಜಗ್ಗಬಾರದು, ನಿಧಾನವಾಗಿ ಒಂದೇ ಸಮ ಎಳೆಯಬೇಕು. 730ಎನ್‌ನ ಕ್ಲಿಕ್ ಇಲ್ಲಿ ನನ್ನ ಮನಸ್ಸು ಗೆದ್ದಿತು. ಟಕ್ ಅಂತ ಕೇಳಿಸುವುದಷ್ಟೇ ಅಲ್ಲ, ಅಂಗೈಗೆ ಒಂದು ಸ್ಪಷ್ಟ ತಡೆ ಸಿಗುತ್ತದೆ, ಗ್ಯಾರೇಜಿನಲ್ಲಿ ಕಂಪ್ರೆಸರ್ ಓಡುತ್ತಿದ್ದರೂ ತಪ್ಪಿಹೋಗುವುದಿಲ್ಲ. ಹಳೆಯದರಲ್ಲಿ ಕಡಿಮೆ ಅಳತೆಯಲ್ಲಿ ಕ್ಲಿಕ್ ಆಯ್ತೋ ಇಲ್ಲವೋ ಅನ್ನುವ ಅನುಮಾನದಲ್ಲೇ ಮತ್ತೆ ಮತ್ತೆ ಎಳೆಯುತ್ತಿದ್ದೆ, ಹಾಗೆ ಎಳೆದಷ್ಟೂ ಬೋಲ್ಟು ಇನ್ನಷ್ಟು ತಿರುಗುತ್ತದೆ ಅನ್ನುವುದು ಆಗ ಗೊತ್ತಿರಲಿಲ್ಲ. ಇದರಲ್ಲಿ ಒಂದು ಕ್ಲಿಕ್, ಕೈ ಬಿಡು, ಮುಂದಿನದು.

ಕೊನೇ ಬೋಲ್ಟಿನ ಕ್ಲಿಕ್ ಆದ ಮೇಲೆ ಮಗಳು ಒಳಗಿನಿಂದ "ಅಪ್ಪಾ, ಕಾಲು ಬಿಡ್ಲಾ?" ಅಂದಳು. ಬಿಡು ಕಂದ ಅಂದೆ. ಪೇಂಟ್ ಪೆನ್ನಿನಲ್ಲಿ ಪ್ರತಿ ಬೋಲ್ಟಿನ ತಲೆಯಿಂದ ಫ್ಲ್ಯಾಂಜಿಗೆ ಒಂದು ಬಿಳಿ ಗೆರೆ ಎಳೆದೆ. ಬೋಲ್ಟು ಸ್ವಲ್ಪ ತಿರುಗಿದರೂ ಗೆರೆ ಮುರಿದು ಕಾಣುತ್ತದೆ. ಮುಂದಿನ ಭಾನುವಾರ ಬಲಗಡೆಯದನ್ನೂ ಬಿಚ್ಚಿ ಹೀಗೇ ಮಾಡಿದೆ.

ಚಕ್ರದ ಕಡೆಯ ದೊಡ್ಡ ಹಬ್ ಬೋಲ್ಟಿನ ಬಗ್ಗೆ ಎರಡು ಮಾತು. ಅದರ ತಲೆಯ ಕೆಳಭಾಗ ನೋಡಿ. ಅಲ್ಲಿ ಗೀರು ಗೀರು ಇದ್ದರೆ 70 ನ್ಯೂಟನ್ ಮೀಟರ್ ಆದ ಮೇಲೆ ಇನ್ನೂ 90 ಡಿಗ್ರಿ ತಿರುಗಿಸಬೇಕು, ನುಣುಪಾಗಿದ್ದರೆ 200 ಆದ ಮೇಲೆ ಇನ್ನೂ 180 ಡಿಗ್ರಿ. ಎರಡಕ್ಕೂ ಎಷ್ಟು ವ್ಯತ್ಯಾಸ ನೋಡಿ, ಒಂದರ ಅಳತೆ ಇನ್ನೊಂದಕ್ಕೆ ಹಾಕಿದರೆ ಕೆಲಸ ಕೆಟ್ಟಿತು. ಆ ಬೋಲ್ಟು ಸಡಿಲ ಇರುವಾಗ ಕಾರಿನ ಭಾರ ಚಕ್ರದ ಮೇಲೆ ಬಿಡಬಾರದು, ಬೇರಿಂಗ್ ಹಾಳಾಗುತ್ತದೆ. ಈ ಅಂಕಿಗಳು ನನ್ನ ಕಾರಿನ ಜಾತಿಯ ಫೋಕ್ಸ್‌ವ್ಯಾಗನ್ ಸ್ಕೋಡಾ ಗಾಡಿಗಳಿಗೆ. ನಿಮ್ಮ ಕಾರಿಗೆ ನಿಮ್ಮ ಮ್ಯಾನುಯಲ್ಲೇ ನೋಡಿ, ದಯವಿಟ್ಟು ನನ್ನದನ್ನು ಕಾಪಿ ಮಾಡಬೇಡಿ.

ಈಗ ಈ ರೆಂಚಿನಲ್ಲಿ ನನಗೆ ಸಾಲದು ಅನ್ನಿಸಿದ್ದು. 40ಕ್ಕಿಂತ ಕೆಳಗೆ ಇದು ಹೋಗುವುದಿಲ್ಲ, ಹಾಗಾಗಿ ಮೊದಲಿನ ಆ 10ಕ್ಕೆ ಬೇರೆ ಚಿಕ್ಕ ರೆಂಚ್ ಬೇಕೇ ಬೇಕು, ನಾನು ಅವತ್ತು ಮೇಸ್ತ್ರಿಯವರದ್ದು ಕೇಳಿ ತಗೊಂಡೆ. ಡಿಗ್ರಿ ಲೆಕ್ಕ ಇದರಲ್ಲಿ ಇಲ್ಲ. 180 ಡಿಗ್ರಿ ತಿರುಗಿಸಲು ಉದ್ದನೆ ಬ್ರೇಕರ್ ಬಾರ್ ಹಾಕಬೇಕು, ಇದರ ಮೇಲೆ ಆ ಭಾರ ಹಾಕುವ ಹಾಗಿಲ್ಲ, ಹಾಗೇ ಬೋಲ್ಟು ಬಿಚ್ಚಲು ಇದನ್ನು ಯಾವತ್ತೂ ಬಳಸಬಾರದು. ಒಂದೂವರೆ ಅಡಿ ಉದ್ದ ಇರುವುದರಿಂದ ಲಿಫ್ಟ್ ಇಲ್ಲದೆ ಜಾಕಿ ಸ್ಟ್ಯಾಂಡಿನ ಮೇಲೆ ಮಾಡುವವರಿಗೆ ಕೆಳಗೆ ಕೈ ಆಡಿಸಲು ಜಾಗ ಸಾಲುವುದಿಲ್ಲ. ರ‍್ಯಾಚೆಟ್ ತಲೆ ಬೇರೆಯಾಗಿ ಬರುತ್ತದೆ, ಬಿಚ್ಚಿ ಬೇರೆ ತಲೆ ಹಾಕಿಕೊಳ್ಳಬಹುದು, ಅದು ಒಳ್ಳೆಯದೇ, ಆದರೆ ಒಂದೊಂದು ತಲೆಗೂ ಮತ್ತೆ ದುಡ್ಡು. ಉದ್ದ ಬದಲಾಗುವ ತಲೆ ಹಾಕಿದರೆ ಅಳತೆಯನ್ನೂ ಲೆಕ್ಕ ಹಾಕಿ ಬದಲಿಸಬೇಕು, ಅದನ್ನು ಮರೆಯಬೇಡಿ.

ಯಾರು ಕೊಳ್ಳಬೇಕು? ಬರೀ ಟೈರ್ ಬದಲಿಸಿ ಚಕ್ರದ ಬೋಲ್ಟು ಬಿಗಿ ಮಾಡುವವರಿಗೆ ಇದು ಬೇಡ. ಸಾಧಾರಣ ರೆಂಚ್ ಒಂದನ್ನು ಕೊಂಡು, ಬಳಸಿದ ಮೇಲೆ ಅಳತೆ ಇಳಿಸಿಟ್ಟು, ವರ್ಷಕ್ಕೊಮ್ಮೆ ಲ್ಯಾಬಿಗೆ ಕೊಟ್ಟರೆ ಧಾರಾಳ ಸಾಕು. ಜಾಸ್ತಿ ಶಕ್ತಿಯ ಕಾರು ಇದ್ದು, ಡ್ರೈವ್ ಶಾಫ್ಟ್, ಸಸ್ಪೆನ್ಷನ್, ಬ್ರೇಕ್ ಕ್ಯಾಲಿಪರ್ ಇವನ್ನೆಲ್ಲ ನೀವೇ ಬಿಚ್ಚಿ ಹಾಕುವವರಾದರೆ ಕಣ್ಣು ಮುಚ್ಚಿ ಕೊಳ್ಳಿ. ದುಡ್ಡು ಸಾಲದಿದ್ದರೆ ಇಬ್ಬರು ಮೂವರು ಸ್ನೇಹಿತರು ಸೇರಿ ಒಂದು ಕೊಂಡರೂ ಆಗುತ್ತದೆ. ಕೊಳ್ಳದವರಿಗೂ ಒಂದು ಮಾತು: ಗ್ಯಾರೇಜಿನಲ್ಲಿ ಆಕ್ಸಲ್, ಅಂದರೆ ಡ್ರೈವ್ ಶಾಫ್ಟ್ ಕೆಲಸ ಮಾಡಿಸಿದರೆ ಹೊಸ ಬೋಲ್ಟು ಹಾಕಿದ್ದೀರಾ, ಫ್ಲ್ಯಾಂಜ್ ತೊಳೆದಿದ್ದೀರಾ, ಎಷ್ಟಕ್ಕೆ ಬಿಗಿ ಮಾಡಿದಿರಿ ಅಂತ ಮೂರು ಪ್ರಶ್ನೆ ಕೇಳಿ. ಮುಜುಗರ ಬೇಡ. ಒಳ್ಳೆ ಮೇಸ್ತ್ರಿಗಳು ಕೇಳಿದರೆ ಖುಷಿಯಿಂದಲೇ ಹೇಳುತ್ತಾರೆ.

ನಮ್ಮ ಗ್ಯಾರೇಜಿನ ಆ ಹಳೇ ಮೇಸ್ತ್ರಿ ಈಗ ತಿಂಗಳಿಗೆ ಒಂದೆರಡು ಸಲ ಫೋನ್ ಮಾಡುತ್ತಾರೆ. "ಸಾರ್, ನಾಳೆ ಒಂದು ಪೋಲೋ ಆಕ್ಸಲ್ ಇದೆ, ನಿಮ್ಮ ಟಕ್ ರೆಂಚ್ ಬೇಕಿತ್ತು" ಅಂತ. ನಾನೇ ತಗೊಂಡು ಹೋಗಿ ಕೊಡುತ್ತೇನೆ. ವಾಪಸ್ ಬರುವಾಗ ಒರೆಸಿ ಡಬ್ಬಿಯಲ್ಲಿ ಇಟ್ಟೇ ಕೊಡುತ್ತಾರೆ. ಶಿರಾಡಿಯನ್ನು ಅದಾದ ಮೇಲೆ ಮೂರು ಸಲ ಹತ್ತಿದ್ದೇವೆ, ಎರಡೂ ಕಡೆಯ ಬಿಳಿ ಗೆರೆಗಳು ಹಾಗೇ ನೇರವಾಗಿವೆ. ರೆಂಚಿಗೆ ವರ್ಷ ತುಂಬಿತು, 12 ತಿಂಗಳಿಗೆ ಅಥವಾ 5,000 ಸಲ ಬಳಸಿದ ಮೇಲೆ ಮತ್ತೆ ಕ್ಯಾಲಿಬ್ರೇಷನ್ ಮಾಡಿಸಬೇಕು. ಮುಂದಿನ ವಾರ ಪೀಣ್ಯಕ್ಕೆ ಕೊಡುತ್ತಿದ್ದೇನೆ, ರಿಪೋರ್ಟ್ ಬಂದ ಮೇಲೆ ಅಂಕಿಗಳನ್ನು ಇಲ್ಲೇ ಸೇರಿಸುತ್ತೇನೆ.